ತಟ್ಟೆ ಯಾರದು, ಕಿವಿ ಯಾರದು?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ "ಅನ್ಯಗ್ರಹದವರ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ" ಎಂದು ಒಂದು ಸಾಲು ಹಾಕಿದ್ದೆ, ಸುಮ್ನೆ. ಪತ್ರಗಳ ಕಟ್ಟು ನೋಡಿ ಈಗ ನನಗೇ ಭಯ. ಅರ್ಧದಷ್ಟು ಹಾರುವ ತಟ್ಟೆಯ ಬಗ್ಗೆ, ಇನ್ನರ್ಧ ಸರ್ಕಾರ ನಮ್ಮ ಫೋನು ಕದ್ದು ಕೇಳುತ್ತದಾ ಅನ್ನುವುದರ ಬಗ್ಗೆ. ಬೇರೆ ಬೇರೆ ಸಂಚಿಕೆಗೆ ಹಾಕೋಣ ಎಂದು ವಿಂಗಡಿಸಲು ಕೂತೆ. ಆಗಲಿಲ್ಲ. ಒಂದಕ್ಕೆ ಉತ್ತರ ಬರೆಯಲು ಹೋದರೆ ಇನ್ನೊಂದು ಬಂದು ಪಕ್ಕದಲ್ಲೇ ಕೂರುತ್ತಿತ್ತು. ಹಾಗಾಗಿ ಎಲ್ಲ ಒಟ್ಟಿಗೇ ಇದೆ.

ಪ್ರಶ್ನೆ: ನಾನು ಒಂದು ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಅನ್ಯಗ್ರಹದ ನೌಕೆ ಬೀಳುತ್ತದೆ, ಸರ್ಕಾರ ಅದನ್ನು ಮುಚ್ಚಿಡುತ್ತದೆ, ನೋಡಿದವರ ಹಿಂದೆ ಗುಪ್ತಚರರು ಬೀಳುತ್ತಾರೆ, ಅಷ್ಟರಲ್ಲಿ ದಾಳಿ ಶುರುವಾಗುತ್ತದೆ. ಅಮೆರಿಕದ ರಾಸ್‌ವೆಲ್‌ನಲ್ಲಿ ಹೀಗೇ ಆಗಿತ್ತಂತೆ. ನಿಜವೇ? (ಶಿರಸಿಯ ಓದುಗರು)

ಉತ್ತರ: ಬಿದ್ದದ್ದು ನಿಜ. ಮುಚ್ಚಿಟ್ಟದ್ದೂ ನಿಜ. ಆದರೆ ಬಿದ್ದದ್ದು ಭೂಮಿಯದೇ ಸಾಮಾನು.

1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಪೈಲಟ್, ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಹತ್ತಿರ ಒಂಬತ್ತು ಹೊಳೆಯುವ ವಸ್ತುಗಳನ್ನು ನೋಡಿದೆ ಎಂದರು. ತಟ್ಟೆಯನ್ನು ನೀರಿನ ಮೇಲೆ ಬೀಸಿ ಎಸೆದರೆ ಹೇಗೆ ಕುಪ್ಪಳಿಸಿಕೊಂಡು ಹೋಗುತ್ತದೋ ಹಾಗೆ ಹೋದವು ಅಂತ ವಿವರಿಸಿದರು. ಅವರು ಹೇಳಿದ್ದು ಓಡಿದ ರೀತಿ. ಪತ್ರಿಕೆಗಳು ಅದನ್ನೇ ಆಕಾರ ಮಾಡಿಕೊಂಡವು, 'ಹಾರುವ ತಟ್ಟೆ' ಹುಟ್ಟಿತು. (ನಮ್ಮ ಕಸುಬಿನವರು ಆಗಲೂ ಹಾಗೇ.) ಸರಿಯಾಗಿ ಎರಡು ವಾರಕ್ಕೆ, ಜುಲೈ 8ರಂದು, ನ್ಯೂ ಮೆಕ್ಸಿಕೋದ ರಾಸ್‌ವೆಲ್ ವಾಯುನೆಲೆಯವರು ಹಾರುವ ತಟ್ಟೆಯೊಂದು ನಮ್ಮ ಕೈಗೆ ಸಿಕ್ಕಿದೆ ಎಂದು ತಾವೇ ಪ್ರಕಟಣೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಮೇಲಿನ ಅಧಿಕಾರಿಗಳು ಮಾತು ತಿರುಗಿಸಿದರು. ತಟ್ಟೆಯೂ ಅಲ್ಲ ಏನೂ ಅಲ್ಲ, ಹವಾಮಾನ ಅಳೆಯುವ ಬಲೂನು ಅಂದರು.

ದನ ಸಾಕುವವನೊಬ್ಬನಿಗೆ ಬಯಲಲ್ಲಿ ಸಿಕ್ಕಿದ್ದು ರಬ್ಬರ್ ಚೂರು, ಬೆಳ್ಳಿ ಬಣ್ಣದ ಹಾಳೆ, ಕಡ್ಡಿಗಳು, ಅಂಟುಪಟ್ಟಿ. ಬಲೂನು ಅನ್ನುವುದೇನೋ ಸರಿಯೇ. ಹವಾಮಾನದ್ದು ಅನ್ನುವುದು ಸುಳ್ಳು. ಅದು ಮೊಗಲ್ ಎಂಬ ಗುಟ್ಟಿನ ಯೋಜನೆಯ ಬಲೂನಿನ ಸರ. ವಾತಾವರಣದ ಮೇಲಿನ ಪದರದಲ್ಲಿ ಸದ್ದು ಬಹಳ ದೂರ ಹರಿಯುತ್ತದೆ, ಅಲ್ಲಿ ಮೈಕ್ ತೂಗುಬಿಟ್ಟರೆ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡಿದಾಗ ಇಲ್ಲಿಂದಲೇ ಕೇಳಿಸಿಕೊಳ್ಳಬಹುದು ಎಂಬ ಲೆಕ್ಕಾಚಾರ. ಅಂದರೆ ಆಕಾಶದಿಂದ ಬಿದ್ದದ್ದು ಒಂದು ಕಿವಿ! ಅಮೆರಿಕದ ವಾಯುಪಡೆ ಇದನ್ನು ಬಾಯಿಬಿಟ್ಟು ಹೇಳಿದ್ದು 1994ರಲ್ಲಿ, 47 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಊರಿನ ಕಥೆಗೆ ನೌಕೆ ಬಂದಿತ್ತು, ದೊಡ್ಡ ಕಣ್ಣಿನ ಶವಗಳೂ ಬಂದಿದ್ದವು. ಶವಗಳ ಬಗ್ಗೆ 1997ರಲ್ಲಿ ಮತ್ತೊಂದು ವರದಿ ಬಂತು. ಪ್ಯಾರಾಚೂಟ್ ಪರೀಕ್ಷೆಗೆ ಎಸೆದ ಬೊಂಬೆಗಳನ್ನು ಜನ ಶವ ಅಂದುಕೊಂಡಿರಬೇಕು ಅಂತ. ಆದರೆ ಆ ಬೊಂಬೆ ಎಸೆದದ್ದು 1950ರ ದಶಕದಲ್ಲಿ. ನೆನಪು ಕಲಸಿಹೋಗಿದೆ ಎಂದು ವಾಯುಪಡೆ ಸಮಜಾಯಿಷಿ ಕೊಟ್ಟಿತು. ಬಲೂನಿನ ಉತ್ತರ ನನಗೆ ಪೂರ್ತಿ ಒಪ್ಪಿಗೆ, ಬೊಂಬೆಯ ಉತ್ತರ ಅಷ್ಟಕ್ಕಷ್ಟೆ.

ನಿಮ್ಮ ಕಾದಂಬರಿಗೆ ಒಂದು ಸಲಹೆ. ಸರ್ಕಾರ ಮುಚ್ಚಿಟ್ಟಿದೆ ಅಂದರೆ ಒಳಗೆ ಅನ್ಯಗ್ರಹದ್ದೇ ಇರಬೇಕು ಅಂತೇನಿಲ್ಲ. ಮೊದಲ ನೂರು ಪುಟ ಓದುಗರು ಹಾಗೇ ಅಂದುಕೊಳ್ಳಲಿ ಬಿಡಿ. ಆಮೇಲೆ ಪೆಟ್ಟಿಗೆ ತೆರೆಸಿ, ಒಳಗೆ ಮೈಕ್ ಇರಲಿ.

ಪ್ರಶ್ನೆ: ತಟ್ಟೆ ನೋಡಿದವರ ಹಿಂದೆ ಕಪ್ಪು ಕೋಟಿನವರು ಬೀಳುತ್ತಾರೆ ಅನ್ನುವುದು ಬರೀ ಸಿನಿಮಾ ಅಲ್ವಾ? (ತಿಪಟೂರಿನ ಓದುಗರು)

ಉತ್ತರ: ಕೋಟಿನ ಬಣ್ಣ ಸಿನಿಮಾದ್ದು. ಹಿಂದೆ ಬಿದ್ದದ್ದು ಕಾಗದದಲ್ಲೇ ಇದೆ.

1952ರ ಜುಲೈಯಲ್ಲಿ ವಾಷಿಂಗ್ಟನ್ ನಗರದ ಮೇಲೆ ಎರಡು ವಾರಾಂತ್ಯ ರಾಡಾರ್‌ನಲ್ಲಿ ಗುರುತು ಸಿಗದ ಚುಕ್ಕೆಗಳು ಕಂಡವು. ದೇಶಕ್ಕೆ ದೇಶವೇ ಗಾಬರಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರ ಜನವರಿಯಲ್ಲಿ ರಾಬರ್ಟ್‌ಸನ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ ಒಂದು ಸಮಿತಿ ಕೂರಿಸಿತು. ಮುಂದೆ ನೊಬೆಲ್ ಪಡೆದ ಲೂಯಿಸ್ ಅಲ್ವಾರೆಜ್ ಕೂಡ ಅದರಲ್ಲಿದ್ದರು. ಅವರ ತೀರ್ಮಾನ ಮಜವಾಗಿದೆ. ತಟ್ಟೆಗಳಿಂದ ದೇಶಕ್ಕೆ ಅಪಾಯ ಕಾಣುವುದಿಲ್ಲ, ತಟ್ಟೆ ಕಂಡೆವು ಎಂದು ಬರುವ ದೂರುಗಳಿಂದ ಅಪಾಯ ಇದೆ. ದೂರಿನ ರಾಶಿಯಲ್ಲಿ ಸೇನೆಯ ಸಂಪರ್ಕ ವ್ಯವಸ್ಥೆ ಮುಚ್ಚಿಹೋದರೆ ನಿಜವಾದ ಶತ್ರು ವಿಮಾನ ಬಂದಾಗ ಗೊತ್ತೇ ಆಗುವುದಿಲ್ಲ ಅಂತ. ಆದ್ದರಿಂದ ಜನರ ಕುತೂಹಲ ಇಳಿಸಬೇಕು, ಅದಕ್ಕೆ ಟಿವಿ, ಸಿನಿಮಾ ಬಳಸಬೇಕು. ಜೊತೆಗೆ ತಟ್ಟೆಯ ಬಗ್ಗೆ ಮಾಹಿತಿ ಕೂಡಿಹಾಕುವ ಖಾಸಗಿ ಸಂಘಗಳ ಮೇಲೆ ನಿಗಾ ಇಡಬೇಕು ಎಂದೂ ಬರೆದರು. ಲಾಸ್ ಏಂಜಲೀಸ್‌ನ ಒಂದು ಸಂಘ, ವಿಸ್ಕಾನ್ಸಿನ್‌ನ ಒಂದು ಸಂಘದ ಹೆಸರು ವರದಿಯಲ್ಲೇ ಇದೆ. ಸಂಜೆ ಕೆಲಸ ಮುಗಿಸಿ ಬಂದು ಮನೆಯ ಹಜಾರದಲ್ಲಿ ಕೂತು ಪತ್ರ ಜೋಡಿಸುತ್ತಿದ್ದ ಸಾಮಾನ್ಯ ಜನ ಅವರು.

ಇದಕ್ಕಿಂತ ಬೇಜಾರಿನದು 1980ರ ದಶಕದ್ದು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ವಾಯುನೆಲೆಯ ಬೇಲಿಗೆ ಹತ್ತಿಕೊಂಡ ಹಾಗೆ ಮನೆ ಇದ್ದ ಒಬ್ಬ ಉದ್ಯಮಿಗೆ ರಾತ್ರಿ ಬೆಳಕು ಕಾಣುತ್ತಿತ್ತು, ಅವನ ಯಂತ್ರಕ್ಕೆ ವಿಚಿತ್ರ ರೇಡಿಯೋ ಸಂಕೇತ ಸಿಗುತ್ತಿತ್ತು. ಅನ್ಯಗ್ರಹದವರದೇ ಎಂದು ನಂಬಿ, ದೇಶಭಕ್ತನಲ್ವಾ, ನೇರವಾಗಿ ವಾಯುಪಡೆಗೇ ಹೋಗಿ ಹೇಳಿದ. ಅದು ತಮ್ಮದೇ ಗುಟ್ಟಿನ ಕೆಲಸ ಇರಬಹುದು ಎಂಬ ಅಂಜಿಕೆ ಅವರಿಗೆ. ನಿಲ್ಲಿಸಪ್ಪ ಎಂದು ಹೇಳುವ ಬದಲು ವಾಯುಪಡೆಯ ಗುಪ್ತಚರ ವಿಭಾಗದವರು ಅವನ ಸ್ನೇಹ ಬೆಳೆಸಿ, ಹೌದು ಹೌದು ದಾಳಿ ಆಗುವುದಿದೆ ಎಂದು ಸುಳ್ಳು ದಾಖಲೆ ತಿನ್ನಿಸುತ್ತಾ ಹೋದರು. ಕೊನೆಗೆ ಅವನು ಮಾನಸಿಕ ಆಸ್ಪತ್ರೆ ಸೇರಿದ. ಇಲ್ಲಿ ಅನ್ಯಗ್ರಹದ ದಾಳಿಯೂ ಇದೆ, ಗೂಢಚಾರಿಕೆಯೂ ಇದೆ, ಎರಡನ್ನೂ ನಡೆಸಿದವರು ಒಂದೇ ಕಚೇರಿಯವರು. ಶಿರಸಿಯವರೇ, ಇದನ್ನೂ ಓದಿಕೊಳ್ಳಿ.

ಪ್ರಶ್ನೆ: ಏರಿಯಾ 51ರಲ್ಲಿ ಏನಿದೆ? (ಬಳ್ಳಾರಿಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ರನ್‌ವೇ, ಶೆಡ್ಡು, ಮರುಭೂಮಿ. ಅಮೆರಿಕದ ನೆವಾಡಾ ರಾಜ್ಯದ ಗ್ರೂಮ್ ಲೇಕ್ ಎಂಬ ಒಣಗಿದ ಕೆರೆಯ ಅಂಗಳದಲ್ಲಿರುವ ಗುಟ್ಟಿನ ವಾಯುನೆಲೆ ಅದು. 1955ರಲ್ಲಿ ಯು-2 ಎಂಬ ಬೇಹುಗಾರಿಕೆ ವಿಮಾನವನ್ನು ಅಲ್ಲಿ ಹಾರಿಸಿ ನೋಡಿದರು. ಆಗ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಹಾರುತ್ತಿದ್ದದ್ದು 10,000ದಿಂದ 20,000 ಅಡಿಯಲ್ಲಿ. ಯು-2 ಹೋಗುತ್ತಿದ್ದದ್ದು 60,000 ಅಡಿಗೂ ಮೇಲೆ. ಅಷ್ಟು ಎತ್ತರದಲ್ಲಿ ಮನುಷ್ಯ ಹಾರುತ್ತಿರಬಹುದು ಎಂದು ಹೆಚ್ಚಿನವರಿಗೆ ಅನಿಸುತ್ತಲೇ ಇರಲಿಲ್ಲ.

ಸಂಜೆ ನಮ್ಮ ತೋಟದಲ್ಲಿ ಕತ್ತಲಾಗಿರುತ್ತದೆ, ಎದುರಿನ ಗುಡ್ಡದ ತುದಿಯಲ್ಲಿ ಇನ್ನೂ ಬಿಸಿಲು ಇರುತ್ತದೆ, ನೋಡಿದ್ದೀರಲ್ಲ? ಅದೇ ಲೆಕ್ಕ. ಕೆಳಗಿನ ವಿಮಾನದ ಪೈಲಟ್‌ಗೆ ಸೂರ್ಯ ಮುಳುಗಿ ಆಗಿದೆ, ಮೂರು ಪಟ್ಟು ಮೇಲಿರುವ ಯು-2ರ ಬೆಳ್ಳಿ ರೆಕ್ಕೆಗೆ ಇನ್ನೂ ಬಿಸಿಲು ಬೀಳುತ್ತಿದೆ. ಅವನಿಗೆ ಕಂಡದ್ದು ಕೆಂಡದಂಥ ಏನೋ ಒಂದು. ದೂರು ಹೋಗುತ್ತಿತ್ತು. ವಾಯುಪಡೆಯ ಬ್ಲೂ ಬುಕ್ ಎಂಬ ತನಿಖಾ ಯೋಜನೆಯವರು ಸಿಐಎಗೆ ಫೋನ್ ಮಾಡಿ ಆ ದಿನ ಹಾರಾಟ ಇತ್ತಾ ಎಂದು ಕೇಳಿಕೊಳ್ಳುತ್ತಿದ್ದರು, ಇತ್ತು ಅಂತ ಗೊತ್ತಾದರೂ ಹೊರಗೆ ಹೇಳುವ ಹಾಗಿಲ್ಲ. ಮಂಜಿನ ಹರಳು, ಉಷ್ಣತೆಯ ಏರುಪೇರು ಅಂತ ಏನೋ ಒಂದು ಕಾರಣ ಕೊಟ್ಟು ಕಡತ ಮುಚ್ಚುತ್ತಿದ್ದರು. 1950ರ ದಶಕದ ಕೊನೆಯಿಂದ 60ರ ದಶಕದವರೆಗೆ ಬಂದ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಬೇಹುಗಾರಿಕೆ ಹಾರಾಟದ್ದೇ ಎಂದು ಸಿಐಎಯ ಇತಿಹಾಸಕಾರರೇ 1997ರಲ್ಲಿ ಬರೆದರು. ಅರ್ಧ ಅನ್ನುವುದು ಸ್ವಲ್ಪ ಹೆಚ್ಚಾಯಿತು ಎಂದು ವಾದಿಸುವವರೂ ಇದ್ದಾರೆ. ಬ್ಲೂ ಬುಕ್ 1969ರಲ್ಲಿ ಮುಚ್ಚಿತು. ಒಟ್ಟು ಬಂದ ವರದಿ 12,618, ಕೊನೆಗೂ ಗುರುತು ಸಿಗದೆ ಉಳಿದದ್ದು 701.

2025ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇನ್ನೊಂದು ಸಂಗತಿ ಪ್ರಕಟಿಸಿತು. 1980ರ ದಶಕದಲ್ಲಿ ಒಬ್ಬ ಕರ್ನಲ್, ಏರಿಯಾ 51ರ ಹತ್ತಿರದ ಒಂದು ಬಾರ್‌ಗೆ ಹೋಗಿ ಅದರ ಮಾಲೀಕನಿಗೆ ಹಾರುವ ತಟ್ಟೆಯ ಫೋಟೋಗಳನ್ನು ಕೊಟ್ಟು ಬಂದಿದ್ದನಂತೆ. ಫೋಟೋ ನಕಲಿ. ರಾಡಾರ್‌ಗೆ ಕಾಣದ ಯುದ್ಧವಿಮಾನವನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು, ಜನ ತಟ್ಟೆ ಅಂದುಕೊಂಡರೆ ಒಳ್ಳೆಯದೇ ಅಂತ.

ಅಂದಹಾಗೆ ಯು-2 ನಮ್ಮ ದೇಶದಿಂದಲೂ ಹಾರಿದೆ. 1962ರ ಚೀನಾ ಯುದ್ಧದ ಮರುವರ್ಷ ನೆಹರೂ ಒಪ್ಪಿಗೆ ಕೊಟ್ಟರು. 1964ರ ಮೇ ತಿಂಗಳಲ್ಲಿ ಒಡಿಶಾದ ಚಾರ್‌ಬಾಟಿಯಾ ನೆಲೆಯನ್ನು ಅದಕ್ಕೆ ಬಳಸಿದರು.

ಪ್ರಶ್ನೆ: ಈ ಅನ್ಯಗ್ರಹದವರು ಯಾವಾಗಲೂ ಅಮೆರಿಕಕ್ಕೇ ಯಾಕೆ ಹೋಗುತ್ತಾರೆ? ನಮ್ಮ ಕಡೆ ಬರುವುದೇ ಇಲ್ವಾ? (ಹಾವೇರಿಯ ಓದುಗರು)

ಉತ್ತರ: ಬರ್ತಾರೆ, ನಮ್ಮವರು ಅವರಿಗೆ ಅನ್ಯಗ್ರಹದವರು ಅನ್ನುವುದಿಲ್ಲ, ಚೀನಾದವರು ಅನ್ನುತ್ತಾರೆ. ತಮಾಷೆ ಅಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಬಳಿ ನಮ್ಮ ಸೈನಿಕರು ಆಕಾಶದಲ್ಲಿ ಹೊಳೆಯುವ ವಸ್ತುಗಳನ್ನು ನೋಡಿ ಬರೆದಿಟ್ಟರು. ಒಟ್ಟು 329 ಸಲ. ಅದರಲ್ಲಿ 155 ಸಲ ಗಡಿರೇಖೆ ದಾಟಿ ಬಂದಿವೆ ಅಂತ ದಾಖಲೆ. ಚೀನಾದ ಡ್ರೋನ್ ಇರಬೇಕು ಎಂಬ ಅನುಮಾನ. ಕೊನೆಗೆ ಕರೆ ಹೋದದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ. ಲಡಾಖ್‌ನ ಹಾನ್ಲೆಯಲ್ಲಿ ಅವರ ದೂರದರ್ಶಕ ಇದೆ, ಅದನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅಲ್ಲಿನ ಖಗೋಳಜ್ಞರು ಹೋಗಿ ನೋಡಿದರು, ಲೆಕ್ಕ ಹಾಕಿದರು. ಸಂಜೆ ಕಾಣುತ್ತಿದ್ದದ್ದು ಗುರು ಗ್ರಹ. ನಸುಕಿನಲ್ಲಿ ಕಾಣುತ್ತಿದ್ದದ್ದು ಶುಕ್ರ.

ಸೈನಿಕರನ್ನು ನೋಡಿ ನಗಬೇಡಿ. ಹದಿನಾಲ್ಕು ಸಾವಿರ ಅಡಿ ಎತ್ತರ, ಧೂಳಿಲ್ಲದ ತಿಳಿ ಗಾಳಿ, ಅಲ್ಲಿ ಶುಕ್ರ ನಮ್ಮೂರಿನ ಬೆಳ್ಳಿಚುಕ್ಕಿಯ ಹಾಗೆ ಕಾಣುವುದಿಲ್ಲ, ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ ಎದುರಿನವನು ನಮ್ಮನ್ನು ನೋಡುತ್ತಿದ್ದಾನೆ ಎಂದು ಗೊತ್ತಿದ್ದೇ ಕಾವಲು ಕೂತವನು. ಅಂಥವನಿಗೆ ನಕ್ಷತ್ರವೂ ಕಣ್ಣಾಗುತ್ತದೆ.

ಥ್ರಿಲ್ಲರ್ ಬೇಕಿದ್ದರೆ ಹಿಮಾಲಯದಲ್ಲೇ ಇನ್ನೊಂದಿದೆ. 1964ರ ಅಕ್ಟೋಬರ್‌ನಲ್ಲಿ ಚೀನಾ ಮೊದಲ ಅಣುಪರೀಕ್ಷೆ ಮಾಡಿತು. ಮರುವರ್ಷ ಸಿಐಎ ಮತ್ತು ನಮ್ಮ ಗುಪ್ತಚರ ಇಲಾಖೆ ಸೇರಿ, 7,816 ಮೀಟರ್ ಎತ್ತರದ ನಂದಾದೇವಿಯ ನೆತ್ತಿಯ ಮೇಲೆ ಕೇಳುವ ಯಂತ್ರ ಇಡಲು ಹೊರಟವು. ಯಂತ್ರಕ್ಕೆ ಕರೆಂಟು ಕೊಡುವುದು ಪ್ಲುಟೋನಿಯಂ ತುಂಬಿದ ಜನರೇಟರ್. ಕ್ಯಾಪ್ಟನ್ ಎಂ. ಎಸ್. ಕೊಹ್ಲಿ ನಾಯಕರು. ನೆತ್ತಿ ಮುಟ್ಟುವ ಮೊದಲೇ ಹಿಮಗಾಳಿ ಎದ್ದಿತು, ಜೀವ ಉಳಿದರೆ ಸಾಕು ಎಂದು ಸಾಮಾನನ್ನು ಬಂಡೆಗೆ ಕಟ್ಟಿ ಇಳಿದು ಬಂದರು. 1966ರಲ್ಲಿ ಮತ್ತೆ ಹತ್ತಿ ನೋಡಿದರೆ ಬಂಡೆಯ ಬಳಿ ಏನೂ ಇಲ್ಲ. ಇವತ್ತಿಗೂ ಸಿಕ್ಕಿಲ್ಲ. 1978ರಲ್ಲಿ ಸುದ್ದಿ ಹೊರಬಿದ್ದಾಗ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಒಪ್ಪಿಕೊಂಡರು. ಗಂಗೆಗೆ ನೀರು ಹರಿಯುವ ಬೆಟ್ಟ ಅದು.

ಪ್ರಶ್ನೆ: 2023ರಲ್ಲಿ ಅಮೆರಿಕದವರು ಮೂರು ನಾಲ್ಕು ವಸ್ತು ಹೊಡೆದುರುಳಿಸಿದರಲ್ಲ, ಅವು ಏನು? ಅದೇ ವರ್ಷ ಒಬ್ಬ ಅಧಿಕಾರಿ ನಮ್ಮ ಹತ್ತಿರ ನೌಕೆ ಇದೆ ಅಂದನಲ್ಲ? (ಮೈಸೂರಿನ ಓದುಗರು)

ಉತ್ತರ: ಫೆಬ್ರವರಿ 4ರಂದು ಬಿದ್ದದ್ದು ಚೀನಾದ ಬೇಹುಗಾರಿಕೆ ಬಲೂನು. ಅದಾದ ಮೇಲೆ ರಾಡಾರ್ ಸೂಕ್ಷ್ಮ ಮಾಡಿಕೊಂಡು ಹುಡುಕಿದರು, ಕಂಡದ್ದನ್ನೆಲ್ಲ ಹೊಡೆದರು. ಅಲಾಸ್ಕದಲ್ಲಿ ಒಂದು, ಕೆನಡಾದ ಯುಕಾನ್‌ನಲ್ಲಿ ಒಂದು, ಹ್ಯೂರಾನ್ ಸರೋವರದ ಮೇಲೆ ಒಂದು. ಅನ್ಯಗ್ರಹದ್ದಾ ಎಂದು ಪತ್ರಕರ್ತರು ಕೇಳಿದರೆ ವಾಯುಪಡೆಯ ಜನರಲ್ ಒಬ್ಬರು ಯಾವುದನ್ನೂ ತಳ್ಳಿಹಾಕಿಲ್ಲ ಅಂದುಬಿಟ್ಟರು. ಮರುದಿನ ಶ್ವೇತಭವನ ಅಲ್ಲಪ್ಪ ಅಲ್ಲ ಅನ್ನಬೇಕಾಯಿತು. ಅವು ಕಂಪನಿಯದೋ ಹವ್ಯಾಸಿಗಳದೋ ಬಲೂನು ಇರಬಹುದು ಎಂದು ಬೈಡನ್ ಹೇಳಿದರು. ನನಗೆ ಇಷ್ಟವಾದದ್ದು ಬೇರೆ. ಆ ಚೀನೀ ಬಲೂನಿನ ಮೇಲೆ ಹಾರಿ, ಕಿಟಕಿಯಿಂದ ಸೆಲ್ಫಿ ತೆಗೆದ ವಿಮಾನ ಯಾವುದು? ಯು-2! ಒಂದು ಕಾಲದ ಹಾರುವ ತಟ್ಟೆ ಇನ್ನೊಂದು ಕಾಲದ ಹಾರುವ ತಟ್ಟೆಯ ಫೋಟೋ ತೆಗೆದಿದೆ.

ಆ ಅಧಿಕಾರಿ ಡೇವಿಡ್ ಗ್ರಶ್, ಮೊದಲು ವಾಯುಪಡೆಯ ಗುಪ್ತಚರ ವಿಭಾಗದಲ್ಲಿದ್ದವರು. 2023ರ ಜುಲೈ 26ರಂದು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಪ್ರಮಾಣ ಮಾಡಿ ಹೇಳಿದರು. ಆದರೆ ತಾವೇ ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು. 2024ರ ಮಾರ್ಚ್‌ನಲ್ಲಿ ಪೆಂಟಗನ್‌ನ ತನಿಖಾ ಕಚೇರಿ ಸಾಕ್ಷ್ಯ ಸಿಗಲಿಲ್ಲ ಎಂದಿತು. ಸದ್ಯಕ್ಕೆ ಅಷ್ಟೇ.

ಪ್ರಶ್ನೆ: ನಮ್ಮ ಫೋನನ್ನು ಸರ್ಕಾರ ಕೇಳಬಹುದಾ? ಮೊನ್ನೆ ಮಾತಾಡುವಾಗ ಟಿಕ್ ಟಿಕ್ ಸದ್ದು ಬರುತ್ತಿತ್ತು. (ಹೆಸರು ಬೇಡ ಎಂದಿದ್ದಾರೆ, ಊರೂ ಬೇಡವಂತೆ)

ಉತ್ತರ: ಟಿಕ್ ಟಿಕ್ ಅಂದರೆ ನೆಟ್‌ವರ್ಕ್ ಸರಿಯಿಲ್ಲ. ಕೇಳುವವರು ಸದ್ದು ಮಾಡಿಕೊಂಡು ಕೇಳುವುದಿಲ್ಲ.

ಕೇಳಬಹುದಾ ಅಂದರೆ ಕಾನೂನಿನ ಪ್ರಕಾರವೇ ಕೇಳಬಹುದು. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದ ಆ ಅಧಿಕಾರ ಇದೆ, 2023ರ ದೂರಸಂಪರ್ಕ ಕಾಯ್ದೆಯಲ್ಲೂ ಮುಂದುವರಿದಿದೆ. ಸುಮ್ನೆ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಲಗಾಮು ಹಾಕಿತು. ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಒಂದು ಆದೇಶ 60 ದಿನ, ಎಳೆದರೂ 180 ದಿನ ದಾಟುವಂತಿಲ್ಲ. ಪರಿಶೀಲನೆಗೆ ಒಂದು ಸಮಿತಿ ಇರುತ್ತದೆ. ಆ ಸಮಿತಿಯಲ್ಲೂ ಅಧಿಕಾರಿಗಳೇ ಇರುತ್ತಾರೆ, ನ್ಯಾಯಾಧೀಶರಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ನಿಮ್ಮ ಫೋನು ಕೇಳಿದ್ದರೆ ಆಮೇಲಾದರೂ ನಿಮಗೆ ಹೇಳಬೇಕು ಎಂಬ ನಿಯಮವೂ ಇಲ್ಲ.

ಕನ್ನಡಿಗರಿಗೆ ಇದು ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಇದೇ ಕದ್ದಾಲಿಕೆಯ ಗದ್ದಲದಲ್ಲಿ. ರಾಜಕಾರಣಿಗಳ ಫೋನು ಕೇಳಿಸಿಕೊಂಡ ಆರೋಪ, ಅದರಲ್ಲಿ ಅವರದೇ ಪಕ್ಷದವರೂ ಇದ್ದರು. ಆ ದಿನಗಳಲ್ಲಿ ಮನೆಯಲ್ಲಿ ಫೋನ್ ಇದ್ದವರೇ ಕಡಿಮೆ. ಆದರೂ 'ಕದ್ದಾಲಿಕೆ' ಎಂಬ ಪದ ಹಳ್ಳಿಯ ಹೋಟೆಲ್‌ವರೆಗೂ ಹೋಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿನ ಹೆಸರು ಕೂಡ ನಮ್ಮವರದೇ. ಅರ್ಜಿದಾರರು ಕೆ. ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಾವು ಮೊಮ್ಮಕ್ಕಳ ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುತ್ತಾ ಕೂತಿರುತ್ತೇವೆ.

ನಿಮ್ಮ ದೇಶದ ಸರ್ಕಾರವೇ ಕೇಳಬೇಕು ಅಂತಲೂ ಇಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬಾತ ಹೊರತಂದ ಅಮೆರಿಕದ ಗುಪ್ತಚರ ಸಂಸ್ಥೆಯ ದಾಖಲೆಗಳ ಪ್ರಕಾರ, ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದ ಜಾಲದಿಂದ ಆ ಸಂಸ್ಥೆಯವರು ಸಂಗ್ರಹಿಸಿದ ಮಾಹಿತಿಯ ತುಣುಕುಗಳು 630 ಕೋಟಿ. ಪಟ್ಟಿಯಲ್ಲಿ ನಾವು ಐದನೆಯವರು.

ಪ್ರಶ್ನೆ: ರಾತ್ರಿ ಆಕಾಶದಲ್ಲಿ ದೀಪದ ಸರ ರೈಲಿನ ಹಾಗೆ ಹೋಯಿತು. ಮನೆಯವರೆಲ್ಲ ನೋಡಿದ್ದೇವೆ. (ಕುಂದಾಪುರದ ಓದುಗರು)

ಉತ್ತರ: ಸ್ಟಾರ್‌ಲಿಂಕ್ ಉಪಗ್ರಹಗಳು. ಒಂದೇ ರಾಕೆಟ್‌ನಲ್ಲಿ ಹತ್ತಾರು ಹೋಗುತ್ತವೆ, ಮೊದಲ ಕೆಲವು ದಿನ ಒಂದರ ಹಿಂದೆ ಒಂದು ಸಾಲಾಗಿರುತ್ತವೆ. ಮೇಲೆ ಹೇಳಿದ ಗುಡ್ಡದ ತುದಿಯ ಬಿಸಿಲೇ ಇಲ್ಲೂ. ನಾನು ಮೊದಲ ಸಲ ನೋಡಿದಾಗ ಮನೆಯವರನ್ನೆಲ್ಲ ಎಬ್ಬಿಸಿ ಮಹಡಿಗೆ ಓಡಿಸಿದ್ದೆ. ಅವರು ಬರುವಷ್ಟರಲ್ಲಿ ಸರ ಹೋಗಿತ್ತು. ನನ್ನ ಮಾತು ಇವತ್ತಿಗೂ ಯಾರೂ ನಂಬಿಲ್ಲ.

ಪ್ರಶ್ನೆ: ದಾಳಿ ನಿಜವಾಗಿ ಆದರೆ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಭಯ ಬೇಡ ಪುಟ್ಟಿ, ದಾರಿ ಬಹಳ ದೂರ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ವೊಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು ಹತ್ತಿರ ಹತ್ತಿರ 75,000 ವರ್ಷ ಬೇಕು. ಅವರ ಗಾಡಿ ನಮ್ಮದಕ್ಕಿಂತ ನೂರು ಪಟ್ಟು ಜೋರು ಅಂದುಕೊಂಡರೂ ಏಳುನೂರೈವತ್ತು ವರ್ಷ.

ಭಯ ಪಡಬೇಕಾದದ್ದು ಗಾಬರಿಗೆ. 1949ರ ಫೆಬ್ರವರಿ 12ರಂದು ಈಕ್ವಡಾರ್ ದೇಶದ ಕ್ವಿಟೋ ನಗರದಲ್ಲಿ ಮಂಗಳ ಗ್ರಹದವರು ದಾಳಿ ಮಾಡಿದರು ಎಂಬ ನಾಟಕವನ್ನು ರೇಡಿಯೋದವರು ನಿಜವಾದ ಸುದ್ದಿಯ ಹಾಗೆ ಪ್ರಸಾರ ಮಾಡಿದರು. ಜನ ಬೀದಿಗೆ ಬಂದರು. ನಾಟಕ ಅಂತ ಗೊತ್ತಾದ ಮೇಲೆ ಸಿಟ್ಟಿಗೆದ್ದು ರೇಡಿಯೋ ಕಟ್ಟಡಕ್ಕೇ ಬೆಂಕಿ ಹಚ್ಚಿದರು, ಒಳಗಿದ್ದವರು ಸತ್ತರು. ಮಂಗಳದಿಂದ ಯಾರೂ ಬಂದಿರಲಿಲ್ಲ.

ಇನ್ನೊಂದು ವಿಷಯ ನಿಮ್ಮ ಮೇಷ್ಟ್ರಿಗೂ ಹೇಳಿ. 1977ರಲ್ಲಿ ಹೊರಟ ಎರಡೂ ವೊಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ನಮಸ್ಕಾರ ಇದೆ, ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಎಂದು ಹೇಳಿದ್ದಾರೆ. ಬನ್ನಿ ಅಂತಾಗಲಿ, ಕಾಫಿ ಕುಡಿದು ಹೋಗಿ ಅಂತಾಗಲಿ ಹೇಳಿಲ್ಲ.